ಜಗಲಿಯ ಮಾತು

ಆ ಹುಡುಗಿಯ ತಾಯಿ ನಮ್ಮ ಅಂಗನವಾಡಿಗೆ ಮೊದಲ ಸಲ ಬಂದಾಗ ಸಿಟ್ಟಲ್ಲಿದ್ಲು. ಸಿಟ್ಟು ನನ್ನ ಮೇಲಲ್ಲ, ಎರಡು ರಸ್ತೆ ಆಚೆ ಇರೋ ಒಂದು ಖಾಸಗಿ ನರ್ಸರಿಯವರ ಮೇಲೆ. ಅಲ್ಲಿ ಮಗು ಹತ್ರ ಹೆಸರು ಕೇಳಿದ್ರಂತೆ, ಅದು ಹೇಳಲಿಲ್ಲವಂತೆ, ಮಾತು ಬಂದ ಮೇಲೆ ಕರ್ಕೊಂಡ್ ಬನ್ನಿ ಅಂದ್ರಂತೆ. ತಾಯಿ ಯಾದಗಿರಿ ಕಡೆಯವಳು. ಕಗ್ಗದಾಸಪುರದ ಒಂದು ಅಪಾರ್ಟ್‌ಮೆಂಟಲ್ಲಿ ಹೌಸ್‌ಕೀಪಿಂಗ್ ಕೆಲಸ, ಗಂಡ ಟೈಲ್ಸ್ ಹಾಕೋನು. ಕೆಲಸದ ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತು, "ನಮ್ಮ ಪೋರಿ ಮೂಗಿ ಅಲ್ರಿ ಟೀಚರ್, ಮಾತು ತಡ ಆಗ್ಯಾದ ಅಷ್ಟೇ" ಅಂದ್ಲು. ಬಾಗಿಲಿಗೆ ಬಂದ ಮಗೂನ ಹೆಸರು ಹೇಳು ಅಂತ ಪರೀಕ್ಷೆ ಮಾಡೋಕೆ ನನಗೇನು ತಲೆ ಕೆಟ್ಟಿದ್ಯಾ. ತೂಕ ಹಾಕಿ, ಎತ್ತರ ಅಳೆದು, ಮೊಬೈಲಲ್ಲಿ ಏನೇನು ತುಂಬಬೇಕೋ ಎಲ್ಲ ತುಂಬಿ, ಚಾಪೆ ಮೇಲೆ ಕೂರಿಸಿದೆ. ನಾಲ್ಕು ವರ್ಷ ತುಂಬೋಕೆ ಬಂದಿತ್ತು. ತೂಕ ಸರಿಯಾಗಿತ್ತು, ಕಣ್ಣು ಚುರುಕಾಗಿತ್ತು.

ಮಾತು ತಡ ಅಂದ್ರೆ ನಾನು ಹೆದರೋಳಲ್ಲ. ಅಂಥ ಮಕ್ಕಳು ವರ್ಷಕ್ಕೆ ಒಂದಿಬ್ಬರಾದ್ರೂ ಬರ್ತಾವೆ. ಆದ್ರೆ ಈ ಹುಡುಗಿದು ಬೇರೆ ಥರ ಇತ್ತು. ಇವಳು ಸುಮ್ಮನೆ ಕೂರ್ತಿರಲಿಲ್ಲ, ಮಾತಾಡ್ತಿದ್ಲು, ಆದ್ರೆ ಎಲ್ಲದಕ್ಕೂ ಒಂದೇ ಮಾತು. "ಅದೂ." ನೀರು ಬೇಕಾದ್ರೂ ಅದೂ, ಮೊಟ್ಟೆಗೂ ಅದೂ, ಪಕ್ಕದ ಹುಡುಗ ಜಡೆ ಎಳೆದ ಅಂತ ದೂರು ಹೇಳೋಕೂ ಅದೂ. ರಾಗ ಮಾತ್ರ ಬೇರೆ ಬೇರೆ. ಕೇಳೋವಾಗ ಒಂದು ರಾಗ, ಬೈಯೋವಾಗ ಒಂದು, ಸಾಕು ಅನ್ನೋಕೆ ಒಂದು. ಇನ್ನೊಂದು ವಿಚಿತ್ರ ಅಂದ್ರೆ ಬಾಯಿಯ ಎಡಗಡೆಯಿಂದ ಮಾತ್ರ ಮಾತಾಡ್ತಿದ್ಲು, ಬಲಗಡೆ ತುಟಿ ಜೋತುಬಿದ್ದ ಹಾಗೆ ಇಟ್ಕೊಳ್ಳೋಳು. ಬಲಗೈ ತೊಡೆ ಮೇಲೆ ಅಂಗಾತ ಬಿದ್ದಿರೋದು. ತಿನ್ನೋದು, ತೋರಿಸೋದು, ಹೊಡೆಯೋದು ಎಲ್ಲ ಎಡಗೈಲೇ. ನಮ್ಮ ಸಹಾಯಕಿ ಅಡುಗೆ ಮಾಡ್ತಾ ಮಾಡ್ತಾ ಇಣುಕಿ ನೋಡಿ, ಇದಕ್ಕೆ ಬಲಗೈ ಸ್ವಾಧೀನ ಇಲ್ವೇನೋ ಟೀಚರ್ ಅಂದ್ಲು. ನಂಗೂ ಹಾಗೇ ಅನ್ನಿಸ್ತು. ಆದ್ರೆ ಅದೇ ಮಧ್ಯಾಹ್ನ ಹುಡುಗಿ ಮೆಟ್ಟಿಲಲ್ಲಿ ಮುಗ್ಗರಿಸಿದಾಗ ಎರಡೂ ಕೈ ಊರಿ ಎದ್ದಳು. ಎದ್ದವಳೇ ಬಲಗೈನ ಮತ್ತೆ ತೊಡೆ ಮೇಲೆ ಮಲಗಿಸಿದ್ಲು.

ನಾನು ಕೆಲಸ ಮಾಡೋ ರೀತಿ ಒಂಚೂರು ಹೇಳ್ಬೇಕು. ಅಕ್ಷರಕ್ಕೆ ನಾನು ಬೇಗ ಹೋಗಲ್ಲ. ಸೂಪರ್‌ವೈಸರ್ ಮೇಡಂಗೆ ಮಕ್ಕಳು ಅ ಆ ಇ ಈ ಅಂತ ಕೂಗೋ ವಿಡಿಯೋ ಬೇಕು, ಅಪ್ಪ ಅಮ್ಮಂದಿರಿಗೆ ಎಬಿಸಿಡಿ ಬೇಕು, ನನಗೆ ಮೊದಲು ಮಾತು ಬೇಕು. ಬೆಳಿಗ್ಗೆ ಬಂದ ತಕ್ಷಣ ಚಾಪೆ ಮೇಲೆ ಕೂತು ಹರಟೆ. ಮನೇಲಿ ಏನಡುಗೆ, ದಾರೀಲಿ ಏನ್ ಕಂಡೆ. ಒಬ್ಬಳು ತಮಿಳಲ್ಲಿ ಹೇಳ್ತಾಳೆ, ಒಬ್ಬ ತೆಲುಗಲ್ಲಿ, ನೇಪಾಳದ ವಾಚ್‌ಮನ್ ಮಗ ಹಿಂದಿಲಿ. ಹೇಳಲಿ ಬಿಡಿ. ನಾನು ಹುಟ್ಟಿದ್ದು ಜೋಗುಪಾಳ್ಯದಲ್ಲಿ, ನಮ್ಮ ಓಣೀಲಿ ಮಕ್ಕಳು ಜಗಳ ಒಂದು ಭಾಷೇಲಿ, ರಾಜಿ ಇನ್ನೊಂದರಲ್ಲಿ ಮಾಡ್ಕೋತಿದ್ವು. ಭಾಷೆ ಹೆಚ್ಚಾದ್ರೆ ಮಗು ಕೆಡಲ್ಲ. ಮಗು 'ನಾಯಿ' ಅಂದ್ರೆ ನಾನು 'ಹೌದಾ, ಕರಿ ನಾಯಿನಾ, ಓಡ್ತಿತ್ತಾ ಮಲಗಿತ್ತಾ' ಅಂತ ಅದನ್ನೇ ಒಂಚೂರು ಉದ್ದ ಮಾಡಿ ವಾಪಸ್ ಕೊಡ್ತೀನಿ. ಆಮೇಲೆ ಚಿತ್ರದ ಪುಸ್ತಕ. ಆಮೇಲೆ ಚಪ್ಪಾಳೆ ಆಟ, ಬಾಳೆಹಣ್ಣು ಅಂದ್ರೆ ನಾಲ್ಕು ಚಪ್ಪಾಳೆ, ಮೊಲ ಅಂದ್ರೆ ಎರಡು. ಮಾತು ತುಂಡು ತುಂಡಾಗಿ ಕಿವಿಗೆ ಬಿದ್ದಿದ್ರೆ ಮುಂದೆ ಅಕ್ಷರ ಜೋಡಿಸೋದು ಕಷ್ಟ ಆಗಲ್ಲ. ಕೊನೆಗೆ ತಟ್ಟೇಲಿ ರಾಗಿ ಹರಡಿ ಬೆರಳಲ್ಲಿ ಗೆರೆ ಎಳೆಸ್ತೀನಿ.

ಇದ್ಯಾವುದೂ ಆ ಹುಡುಗಿ ಹತ್ರ ನಡೀಲಿಲ್ಲ. ಪುಸ್ತಕ ತೋರಿಸಿ ಇದೇನು ಅಂದ್ರೆ ಅದೂ. ಚಪ್ಪಾಳೆಗೆ ಎರಡು ಕೈ ಬೇಕಲ್ಲ, ಅವಳು ಎಡಗೈಲಿ ತೊಡೆ ತಟ್ಟೋಳು. ರಾಗಿ ತಟ್ಟೆ ಮುಂದಿಟ್ರೆ ಎಡಗೈ ಹೆಬ್ಬೆರಳಲ್ಲಿ ಕಾಳನ್ನ ಒಂದು ಮೂಲೆಗೆ ತಳ್ಳಿ ಕೂರೋಳು. ಮಿಕ್ಕ ಮಕ್ಕಳು ಅವಳಿಗೆ 'ಅದೂ' ಅಂತಲೇ ಹೆಸರಿಟ್ರು. ನಾನು ಗದರಿದೆ, ಆದ್ರೆ ಬೆನ್ನ ಹಿಂದೆ ಕರೆಯೋದನ್ನ ಯಾರು ತಡೀತಾರೆ.

ನನ್ನ ಲೆಕ್ಕಾಚಾರವನ್ನೆಲ್ಲ ತಲೆಕೆಳಗು ಮಾಡಿದ್ದು ಒಂದು ಹಾಡು. ಒಂದು ದಿನ ಸಹಾಯಕಿ ಒಳಗೆ ಮಿಕ್ಸಿ ಹಾಕಿದ್ಲು. ಆ ಗರ್ ಗರ್ ಸದ್ದಿಗೆ ಹುಡುಗಿ ತಲೆಯೆತ್ತಿ, ಮೈ ತೂಗ್ತಾ ಹಾಡೋಕೆ ಶುರು ಮಾಡಿದ್ಲು. ರಾಗಿ ಬೀಸೋ ಹಾಡು. ಅಣ್ಣ ಕೆರೆ ಏರಿ ಮೇಲೆ ಬರೋದು, ತಂಗಿ ಹಿಟ್ಟು ಬೀಸ್ತಾ ದಾರಿ ಕಾಯೋದು. ಒಂದು ಮಾತೂ ತಪ್ಪದೆ, ಒಂದು ಅಕ್ಷರವೂ ತೊದಲದೆ ಕೊನೆವರೆಗೂ ಹಾಡಿದ್ಲು. ನಾನು, ಸಹಾಯಕಿ ಇಬ್ಬರೂ ಬಾಯಿ ಬಿಟ್ಕೊಂಡು ನಿಂತ್ವಿ. ನಾಲಿಗೆ ನೆಟ್ಟಗಿದೆ, ನೆನಪು ನೆಟ್ಟಗಿದೆ, ಹಂಗಾದ್ರೆ ನೀರು ಅನ್ನೋಕೆ ಇವಳಿಗೇನು ರೋಗ ಅಂತ ನಂಗೆ ಸಿಟ್ಟೇ ಬಂತು. ಹಾಡು ನಿಂತ ಮೇಲೆ ಹತ್ರ ಕೂತು ಅಣ್ಣ ಎಲ್ಲಿಂದ ಬಂದ ಪುಟ್ಟಾ ಅಂತ ಕೇಳಿದೆ. ಅದೂ ಅಂದ್ಲು.

ಮಧ್ಯಾಹ್ನ ಊಟದ ಬಿಡುವಲ್ಲಿ ಕರ್ಕೊಂಡ್ ಹೋಗೋಕೆ ಬಂದ ತಾಯಿಗೆ ಚೆನ್ನಾಗಿ ಬೈದೆ. ನಮ್ಮ ಕಡೆ ಇದು ಮಾಮೂಲಿ, ಕೆಲಸಕ್ಕೆ ಹೋಗೋರು ಮಗೂನ ರೂಮಲ್ಲಿ ಕೂಡಿಹಾಕಿ ಕೈಗೆ ಮೊಬೈಲ್ ಕೊಟ್ಟು ಹೋಗ್ತಾರೆ. ಹಾಡು ಮೊಬೈಲಿಂದ ಕಲಿತದ್ದು ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಅವಳು ಎದುರಾಡಲಿಲ್ಲ. ಮನೇಲಿರೋದು ಒಂದೇ ಫೋನು, ಅದು ಗಂಡನ ಜೇಬಲ್ಲಿ ಹೋಗುತ್ತೆ, ಮಗು ಮಿಕ್ಕ ಹೊತ್ತೆಲ್ಲ ಕೆಳಗಡೆ ಓನರ್ ಅಜ್ಜಿ ಹತ್ರ ಇರುತ್ತೆ ಅಂದ್ಲು. ಹಾಡು ನಿಮ್ಮೂರಿಂದಾ ಅಂತ ಕೇಳಿದ್ದಕ್ಕೆ ಅಲ್ಲ, ನಮ್ಮ ಕಡೆ ಹಾಡೇ ಬೇರೆ ಅಂದ್ಲು. ಅಜ್ಜಿ ಹಾಡಿರ್ಬೇಕು ಅಂದ್ಕೊಂಡೆ. ಕೂಡಿಹಾಕಿದ ರೂಮಿಗಿಂತ ಅಜ್ಜಿಯ ಮಡಿಲು ಸಾವಿರ ಪಾಲು ವಾಸಿ ಅಂತ ಸಮಾಧಾನವೂ ಆಯ್ತು. ಆ ಅಜ್ಜಿನ ನಾನು ನೋಡಿರಲಿಲ್ಲ.

ಮಕ್ಕಳ ತಪಾಸಣೆಗೆ ಬಂದ ತಂಡದ ಡಾಕ್ಟರಿಗೆ ತೋರಿಸಿದೆ. ಕಿವಿ ನೋಡಿಸಿ, ನರ ನೋಡಿಸಿ ಅಂತ ಶಿವಾಜಿನಗರದ ಆಸ್ಪತ್ರೆಗೆ ಬರೆದುಕೊಟ್ರು. ತಾಯಿ ಕೆಲಸಕ್ಕೆ ರಜೆ ಹಾಕಿದ್ಲು, ನಾನು ಜೊತೆಗೆ ಹೋದೆ. ಕಿವಿ ಪರೀಕ್ಷೆ ಆಗ್ಬೇಕಾದ್ರೆ ಮಗು ಗಾಢ ನಿದ್ದೆ ಮಾಡ್ಬೇಕು, ಅದಕ್ಕೆ ಹಿಂದಿನ ರಾತ್ರಿ ನಿದ್ದೆಗೆಡಿಸಿ ಕರ್ಕೊಂಡ್ ಬನ್ನಿ ಅಂದಿದ್ರು. ಕೆಡಿಸಿದ್ವಿ. ಬಸ್ಸು ಇಂದಿರಾನಗರ ದಾಟೋ ಹೊತ್ತಿಗೆ ಮಗು ತಾಯಿ ತೋಳಲ್ಲಿ ನಿದ್ದೆಹೋಯ್ತು. ಎಬ್ಬಿಸೋಕೆ ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ಶಿವಾಜಿನಗರದಲ್ಲಿ ಇಳಿದಾಗ ಕಣ್ಣು ಬಿಟ್ಟವಳು ಸಂಜೆವರೆಗೂ ಮುಚ್ಚಲಿಲ್ಲ. ಔಷಧಿ ಕೊಟ್ರೂ ಮಲಗಲಿಲ್ಲ. ಇನ್ನೊಂದು ದಿನ ಬನ್ನಿ ಅಂದ್ರು. ವಾಪಸ್ ಬರೋವಾಗ ತಾಯಿ ಕಿಟಕಿ ಕಡೆ ಮುಖ ಮಾಡ್ಕೊಂಡು ಕಣ್ಣೊರೆಸಿಕೊಳ್ತಿದ್ಲು. ನಂಗೂ ಸಾಕಾಗಿ ಹೋಗಿತ್ತು.

ಮುಂದಿನ ಸಲ ಪರೀಕ್ಷೆ ಆಯ್ತು. ಎರಡು ಕಿವಿಯೂ ಚೆನ್ನಾಗಿವೆ. ನರದ ಡಾಕ್ಟರು ಮಗು ಜೊತೆ ಮಾತಾಡ್ತಾ ಇದ್ದ ಹಾಗೇ ಇದ್ದಕ್ಕಿದ್ದಂತೆ ಒಂದು ಚೆಂಡು ಎಸೆದ್ರು. ಹುಡುಗಿ ಎರಡೂ ಕೈಲಿ ಗಬಕ್ಕನೆ ಹಿಡಿದ್ಲು. ಕೈಗೆ ಏನೂ ಆಗಿಲ್ಲ, ಇದು ಅಭ್ಯಾಸ ಅಂದ್ರು. ಅಲ್ಲಿಂದ ಮಾತಿನ ಚಿಕಿತ್ಸೆ ಮಾಡೋ ಮೇಡಂ ಹತ್ರ ಕಳಿಸಿದ್ರು. ವಯಸ್ಸಲ್ಲಿ ಚಿಕ್ಕೋರು, ತಾಳ್ಮೆ ಇತ್ತು. ಹುಡುಗೀನ ತುಂಬಾ ಹೊತ್ತು ಆಡೋಕೆ ಬಿಟ್ಟು ಸುಮ್ನೆ ನೋಡ್ತಾ ಕೂತ್ರು. ಆಮೇಲೆ ನನ್ನ ಒಬ್ಬಳನ್ನೇ ಹೊರಗೆ ಕರೆದು, ಹಗಲೆಲ್ಲ ಮಗು ಯಾರ ಜೊತೆ ಇರುತ್ತೋ ಅವರನ್ನ ನೀವು ನೋಡಿದೀರಾ ಅಂತ ಕೇಳಿದ್ರು. ಇಲ್ಲ ಅಂದೆ. ಹೋಗಿ ನೋಡಿ ಅಂದ್ರು.

ಮಾರನೇ ಮಧ್ಯಾಹ್ನ ಸೆಂಟರ್ ಮುಚ್ಚಿ ಹೋದೆ. ಕಗ್ಗದಾಸಪುರದಲ್ಲಿ ಹಳೇ ಊರಿನ ಮನೆಗಳು ಈಗ ಹೇಗಿವೆ ಅಂದ್ರೆ, ಕೆಳಗೆ ಕಲ್ಲು ಚಪ್ಪಡಿಯ ಜಗಲಿ ಹಾಗೇ ಇರುತ್ತೆ, ಅದರ ಮೇಲೆ ಬಾಡಿಗೆ ರೂಮುಗಳು ಅಂತಸ್ತಿನ ಮೇಲೆ ಅಂತಸ್ತು. ಒಂದು ಕಾಲಕ್ಕೆ ಕೆರೆ ಪಕ್ಕ ರಾಗಿ ಬೆಳೀತಿದ್ದ ಜನ, ಈಗ ಅವರ ಮನೆ ಮೇಲೆ ಊರೂರಿನೋರು ಇದ್ದಾರೆ. ಆ ಜಗಲಿ ಮೇಲೆ ಒಂದು ಮಂಚ, ಮಂಚದ ಮೇಲೆ ಅಜ್ಜಿ, ಪಕ್ಕದಲ್ಲಿ ಕಾಲು ಇಳಿಬಿಟ್ಟುಕೊಂಡು ನಮ್ಮ ಹುಡುಗಿ.

ಅಜ್ಜಿಯ ಬಲಗೈ ತೊಡೆ ಮೇಲೆ ಅಂಗಾತ ಬಿದ್ದಿತ್ತು. ಬಾಯಿ ಎಡಕ್ಕೆ ಎಳೆದಿತ್ತು. ನನ್ನ ನೋಡಿ, ಯಾರಮ್ಮ ನೀನು ಅನ್ನೋ ರಾಗದಲ್ಲಿ "ಅದೂ?" ಅಂದ್ರು.

 ಚಪ್ಪಲಿ ಕೂಡ ಬಿಡದೆ ಹಾಗೇ ನಿಂತ್ಬಿಟ್ಟೆ. ಹುಡುಗಿ ನನ್ನ ಕಡೆ ಬೆರಳು ಮಾಡಿ ಅಜ್ಜಿಗೆ ಏನೋ ಹೇಳಿದ್ಲು, ಎಲ್ಲ ಅದೂ ಅದೂನೇ, ಆದ್ರೆ ಅಜ್ಜಿಗೆ ಗೊತ್ತಾಯ್ತು. ಟೀಚರ್ ಅಂತ ಗೊತ್ತಾಗಿ ಕೈ ಮುಗಿಯೋಕೆ ಎಡಗೈ ಎತ್ತಿದ್ರು. ಆಮೇಲೆ ಅಜ್ಜಿ ಒಂದು ಅದೂ ಅಂದ್ರು, ಹುಡುಗಿ ಒಳಗೆ ಓಡಿ ನಂಗೆ ನೀರು ತಂದ್ಲು. ಇನ್ನೊಂದು ಅದೂಗೆ ಎಲೆಅಡಿಕೆ ಡಬ್ಬಿ ಬಂತು. ಇನ್ನೊಂದಕ್ಕೆ ದಿಂಬು ಬೆನ್ನ ಹಿಂದೆ ಹೋಯ್ತು. ಹುಡುಗಿ ಏನೋ ಹೇಳಿದ್ಲು, ಅಜ್ಜಿ ಕುಲುಕುಲು ನಕ್ರು. ಒಂದೇ ಒಂದು ಸಲವೂ ಇಬ್ಬರಲ್ಲಿ ಒಬ್ಬರಿಗೂ ಏನು ಅಂತ ತಿರುಗಿ ಕೇಳೋ ಪ್ರಮೇಯ ಬರಲಿಲ್ಲ. ನಾನು ಎಷ್ಟೋ ಅಮ್ಮಂದಿರು, ಮಕ್ಕಳು ಮಾತಾಡೋದು ನೋಡಿದೀನಿ. ಅಷ್ಟು ಚೆನ್ನಾಗಿ ಒಬ್ಬರಿಗೊಬ್ಬರು ಅರ್ಥ ಆಗೋರನ್ನ ನೋಡಿಲ್ಲ.

ಅಜ್ಜಿಯ ಸೊಸೆ ಒಳಗಿಂದ ಬಂದು ಎಲ್ಲ ಹೇಳಿದ್ರು. ಅತ್ತೆಗೆ ಲಕ್ವ ಹೊಡೆದಾಗ ಈ ಮಗು ಇನ್ನೂ ಅಂಬೆಗಾಲಿಡ್ತಿತ್ತಂತೆ. ಪ್ರಾಣ ಉಳೀತು, ಬಲಗಡೆ ಹೋಯ್ತು, ಮಾತು ಹೋಯ್ತು. ಉಳಿದದ್ದು ಆ ಒಂದು ಮಾತು ಮತ್ತೆ ಹಳೇ ಹಾಡುಗಳು. ಹಾಡು ಹೇಗೋ ಪೂರ್ತಿ ಬರುತ್ತೆ, ಮಾತು ಬರಲ್ಲ. ಬುದ್ಧಿ, ಕಿವಿ ಎಲ್ಲ ನೆಟ್ಟಗಿವೆ. ಗಂಡುಮಕ್ಕಳು ಮೊದಮೊದಲು ಏನಮ್ಮಾ ಏನಮ್ಮಾ ಅಂತ ಕೂತು ಕೇಳ್ತಿದ್ರು, ಆಮೇಲೆ ಬೇಜಾರಾಗಿ ಬಿಟ್ಬಿಟ್ರು. ತಾಯಿ ಕೆಲಸಕ್ಕೆ ಹೋಗೋವಾಗ ಮಗೂನ ಅಜ್ಜಿ ಮಂಚದ ಹತ್ರ ಬಿಟ್ಟು ಹೋಗ್ತಿದ್ಲು. ಅಜ್ಜಿಗೂ ಜೊತೆ, ಮಗೂಗೂ ಜೊತೆ. "ನಮಗ್ಯಾರಿಗೂ ಅರ್ಥ ಆಗಲ್ಲ ಟೀಚರಮ್ಮ, ಅತ್ತೆಗೆ ಏನ್ ಬೇಕು ಅಂತ ಈ ಮಗೂನೇ ಹೇಳ್ಬೇಕು" ಅಂದ್ರು ಆಯಮ್ಮ, ಸ್ವಲ್ಪ ಹೆಮ್ಮೆಯಿಂದಲೇ.

 ಮಗು ತಪ್ಪೇನೂ ಮಾಡಿರಲಿಲ್ಲ. ಹಗಲೆಲ್ಲ ಯಾರು ತನ್ನ ಮುಖ ನೋಡಿ ಮಾತಾಡಿದ್ರೋ, ಯಾರು ತನಗೆ ಉತ್ತರ ಕೊಟ್ರೋ, ಅವರ ಮಾತನ್ನೇ ಕಲಿತಿತ್ತು. ಬಾಯಿ ಎಲ್ಲಿಂದ ತೆಗೀಬೇಕು, ಯಾವ ಕೈ ಎತ್ತಬೇಕು ಅನ್ನೋದನ್ನೂ ಸೇರಿಸಿ ಕಲಿತಿತ್ತು. ಎಲ್ಲ ಮಕ್ಕಳೂ ಮಾಡೋದು ಅದನ್ನೇ.

ತಾಯೀನ ಕರೆದು ಕೇಳಿದೆ, ನಿಂಗೆ ಇದು ಗೊತ್ತಿರಲಿಲ್ವಾ ಅಂತ.  "ಅನುಮಾನ ಇತ್ರಿ. ದವಾಖಾನಿಗಿ ಹೋದ ಮ್ಯಾಲ ಭಾಳ ಆಯ್ತು. ಆದ್ರ ಅಷ್ಟು ಅಕ್ಕರಾಸ್ತಿ ಮಾಡಾಕಿ ಮ್ಯಾಲ ನಾ ಹ್ಯಾಂಗ ಹೇಳ್ಲಿ ಟೀಚರ್?" ಅಂದ್ಲು. ಬೆಳಿಗ್ಗೆ ಕತ್ತಲಲ್ಲಿ ಹೋಗಿ ಕತ್ತಲಾದ ಮೇಲೆ ಬರೋಳು ಅವಳು. ಗಂಡನೂ ಹಾಗೇ. ಬಂದ ಮೇಲೆ ರೊಟ್ಟಿ ಬಡಿಯೋದು, ಬಟ್ಟೆ ಒಗೆಯೋದು, ಮಲಗೋದು. ಮಗು ಅಷ್ಟರಲ್ಲಿ ನಿದ್ದೆ ಹೋಗಿರೋದು.

ಮೊದಲು ಎರಡೂ ಕಡೆ ಉಳಿಸೋಕೆ ನೋಡಿದೆ. ರೊಟ್ಟಿ ಬಡಿಯೋವಾಗ ಮಗೂನ ಪಕ್ಕ ಕೂರಿಸ್ಕೊಂಡು ಹಿಟ್ಟು, ನೀರು, ಬಿಸಿ, ಉಬ್ಬಿತು ಅಂತ ಹೇಳ್ತಾ ಇರು ಅಂತ ತಾಯಿಗೆ ಹೇಳಿಕೊಟ್ಟೆ. ಪಾಪ, ನಾಲ್ಕು ದಿನ ಮಾಡಿದ್ಲು, ಐದನೇ ದಿನ ಅವಳಿಗೇ ಕಣ್ಣು ಎಳೀತಿತ್ತು. ಮನೆ ಸೊಸೆಗೆ ಹೇಳಿದೆ, ಅಕ್ಕಾ, ನೀವು ಹಗಲು ಒಂದೆರಡು ಸಲ ಮಗು ಹತ್ರ ಮಾತಾಡಿ ಅಂತ. ಆಯ್ತು ಅಂದ್ರು, ಅವರ ಕೆಲಸ ಅವರಿಗೆ. ನನ್ನ ಸೆಂಟರಿಗೆ ಹುಡುಗಿ ದಿನಾ ಬರೋದೂ ನಡೀಲಿಲ್ಲ. ಅವಳು ಎದ್ದು ಹೊರಟ್ರೆ ಅಜ್ಜಿ ಅಳ್ತಿದ್ರು. ಅಜ್ಜಿ ಅತ್ರೆ ಹುಡುಗಿ ವಾಪಸ್ ಹೋಗಿ ಕೂತುಬಿಡೋಳು.

ಆಮೇಲೆ ನಂಗೊಂದು ಉಪಾಯ ಹೊಳೀತು, ಅದರ ಬಗ್ಗೆ ಈಗಲೂ ಸಂಕಟ ಇದೆ. ಅಜ್ಜೀನೇ ಅಂಗನವಾಡಿಗೆ ಕರ್ಕೊಂಡ್ ಬಂದ್ರೆ ಹೇಗೆ? ಒಂದು ಕುರ್ಚಿ ಹಾಕೋಣ, ಹಾಡಲಿ, ಮಕ್ಕಳು ಕಲೀಲಿ, ಸುತ್ತ ಮಕ್ಕಳ ಮಾತು ಇರುತ್ತೆ, ಹುಡುಗೀಗೂ ಅಜ್ಜೀಗೂ ಇಬ್ಬರಿಗೂ ಒಳ್ಳೇದು. ಉತ್ಸಾಹದಲ್ಲಿ ಹೋಗಿ ಹೇಳಿದೆ. ಸೊಸೆ ಮುಖ ಕಪ್ಪಿಟ್ಟಿತು. ಅವರ ಗಂಡ ಒಳಗಿಂದ ಎದ್ದು ಬಂದ್ರು. ಒಂದು ಕಾಲಕ್ಕೆ ಊರ ನ್ಯಾಯ ಇದೇ ಜಗಲಿ ಮೇಲೆ ಆಗ್ತಿತ್ತು, ನಮ್ಮಮ್ಮ ಬಾಡಿಗೆಯವರ ಮಕ್ಕಳ ಜೊತೆ ಸರ್ಕಾರಿ ಉಪ್ಪಿಟ್ಟು ತಿನ್ನೋಕೆ ಹೋದ್ರೆ ನೆಂಟರಿಷ್ಟರ ಮುಂದೆ ನಾವು ತಲೆಯೆತ್ತೋದು ಹೇಗೆ ಅಂದ್ರು. ಹಂಗಾದ್ರೆ ಅಮ್ಮನ್ನ ಮಾತಿನ ಚಿಕಿತ್ಸೆಗಾದ್ರೂ ಕರ್ಕೊಂಡ್ ಹೋಗಿ ಅಂದೆ. ಈ ವಯಸ್ಸಲ್ಲಾ ಅಂದ್ರು. ಅಜ್ಜಿ ಮಂಚದ ಮೇಲಿಂದ ಎಲ್ಲ ಕೇಳಿಸಿಕೊಳ್ತಿದ್ರು, ಅವರನ್ನ ಯಾರೂ ಕೇಳಲಿಲ್ಲ.

ಶಿವಾಜಿನಗರದ ಮೇಡಂ ಹತ್ರ ಹೋಗಿ ಏನು ಮಾಡಲಿ ಅಂತ ಕೇಳಿದೆ. ಅವರು ಸುತ್ತಿ ಬಳಸಿ ಹೇಳಲಿಲ್ಲ. ಮಗೂಗೆ ಮಾತು ಸಲೀಸಾಗಿ ಕೂರೋ ವಯಸ್ಸು ಇದು, ಮುಂದೆ ಹೋದಷ್ಟೂ ಕಷ್ಟ ಆಗ್ತಾ ಹೋಗುತ್ತೆ, ಮಾತಿಲ್ಲದೆ ಒಂದನೇ ಕ್ಲಾಸಿಗೆ ಹೋದ್ರೆ ಓದು ಬರಹವೂ ಹಿಂದೆ ಬೀಳುತ್ತೆ. ಹಗಲೆಲ್ಲ ಮಾತಾಡೋರ ನಡುವೆ ಇರ್ಬೇಕು, ಅರ್ಧ ದಿನ ಸಾಲದು. ಅಜ್ಜಿ ಕಥೆ ಏನು ಅಂದೆ. ನೀವು ಮಗೂ ಟೀಚರ್ ಅಲ್ವಾ ಅಂದ್ರು.

ನಿಜ ಹೇಳ್ತೀನಿ, ಆ ಮಾತಿಗೆ ನಂಗೆ ಅವರ ಮೇಲೆ ಕೋಪ ಬಂತು. ವಾಪಸ್ ಬರೋವಾಗ ಹಲಸೂರಲ್ಲಿ ಬಸ್ ಇಳಿದು ಕೆರೆ ಹತ್ರ ಸುಮ್ನೆ ಕೂತೆ. ಎಷ್ಟು ಯೋಚಿಸಿದ್ರೂ ಇನ್ನೊಂದು ದಾರಿ ಕಾಣಲಿಲ್ಲ. ಹುಡುಗಿ ಮುಂದೆ ಇಡೀ ಬದುಕು ಬಿದ್ದಿತ್ತು. ಮಾರನೇ ದಿನ ತಾಯಿಗೆ ಹೇಳಿದೆ, ಕಟ್ಟಡ ಕೆಲಸದವರ ಮಕ್ಕಳಿಗೆ ಅಂತ ಒಂದು ಶಿಶುವಿಹಾರ ಇದೆ, ಬೆಳಿಗ್ಗೆ ಕೆಲಸಕ್ಕೆ ಹೋಗೋವಾಗ ಅಲ್ಲಿ ಬಿಡು, ಅಲ್ಲಿಂದ ನಾನು ಸೆಂಟರಿಗೆ ಕರ್ಕೊಂಡ್ ಬರ್ತೀನಿ, ಮಧ್ಯಾಹ್ನ ಮತ್ತೆ ಬಿಡ್ತೀನಿ. ಸದ್ಯಕ್ಕೆ ಅಜ್ಜಿ ಹತ್ರ ಬಿಡಬೇಡ. ಅವಳು "ಅಜ್ಜಿಗಿ ಏನ್ ಹೇಳ್ಲಿ?" ಅಂದ್ಲು. ನಾನು ಹೇಳ್ತೀನಿ ಅಂದೆ.

ಹೇಳಿದೆ. ಮಂಚದ ಪಕ್ಕ ಕೂತು ಒಂದೊಂದೇ ಮಾತು ನಿಧಾನಕ್ಕೆ ಹೇಳಿದೆ. ಅಜ್ಜಿ ನನ್ನ ಮುಖ ನೋಡ್ತಾ ಕೇಳಿಸಿಕೊಂಡ್ರು. ಅಳಲಿಲ್ಲ, ಗಲಾಟೆ ಮಾಡಲಿಲ್ಲ. ಕೊನೆಗೆ ಎಡಗೈ ಚಾಚಿ ನನ್ನ ಕೈ ಮೇಲೆ ಇಟ್ಟು ಆಯ್ತು ಅಂತ ತಲೆಯಾಡಿಸಿದ್ರು. ಮನೆಯವರು ಅಷ್ಟು ಸುಲಭಕ್ಕೆ ಬಿಡಲಿಲ್ಲ. ನಮ್ಮ ಅತ್ತೆ ನೆರಳು ಬಿದ್ರೆ ಮಗು ಕೆಡುತ್ತೆ ಅಂದ ಹಾಗಾಯ್ತಲ್ಲ ಟೀಚರಮ್ಮ, ಅಂಥೋರಿಗೆ ನಮ್ಮ ರೂಮ್ ಯಾಕೆ ಅಂದ್ರು. ತಿಂಗಳು ಮುಗಿಯೋದರೊಳಗೆ ಹುಡುಗಿಯ ಸಂಸಾರ ಎರಡು ಬೀದಿ ಆಚೆ ಇನ್ನೊಂದು ರೂಮಿಗೆ ಸಾಮಾನು ಸಾಗಿಸ್ತು.

ಆಮೇಲೆ ಬಂದದ್ದು ನಾನು ಎಣಿಸದೇ ಇದ್ದ ಕಷ್ಟ. ಹುಡುಗಿ ಆ ಒಂದು ಮಾತನ್ನೂ ಬಿಟ್ಟುಬಿಟ್ಲು. ಅದೂ ಇಲ್ಲ, ಹಾಡೂ ಇಲ್ಲ. ಗೋಡೆಗೆ ಒರಗಿ ಕೂತ್ರೆ ಕೂತಳೇ. ಊಟ ಕೊಟ್ರೆ ತಿನ್ನೋಳು, ಎತ್ಕೊಂಡ್ರೆ ಬರೋಳು, ಬಾಯಿ ಬಿಡ್ತಿರಲಿಲ್ಲ. ವಾರಗಳು ಹೋದ್ವು. ಇದ್ದ ಬದ್ದ ಮಾತನ್ನೂ ಕಿತ್ಕೊಂಡೆನಾ ಅಂತ ನಂಗೆ ಭಯ ಆಗೋಕೆ ಶುರುವಾಯ್ತು. ತಂದೆ ಒಂದು ದಿನ ಬಂದು, ಮೊದಲೇ ಚಂದ ಇತ್ತಲ್ರಿ ಅಂದ. 

ಆದ್ರೂ ಕೆಲಸ ನಿಲ್ಲಿಸಲಿಲ್ಲ. ಮೇಡಂ ಹೇಳಿಕೊಟ್ಟ ಹಾಗೆ ಪ್ರಶ್ನೆ ಕೇಳೋದು ಬಿಟ್ಟೆ. ಇದೇನು, ಅದೇನು ಅಂತ ಕೇಳಿದ್ರೆ ಇಂಥ ಮಕ್ಕಳು ಇನ್ನೂ ಮುದುಡ್ತಾವೆ. ಅವಳು ಏನು ನೋಡ್ತಾಳೋ ಅದರ ಹೆಸರನ್ನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳ್ತಿದ್ದೆ, ಅಷ್ಟೇ. ಅವಳಿಗೆ ಇಷ್ಟದ ಮಣಿಗಳನ್ನ ಪಾರದರ್ಶಕ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಕೈಗೆ ಎಟುಕದ ಹಾಗೆ ಇಡ್ತಿದ್ದೆ. ನೋಡಿದ ತಕ್ಷಣ ತೆಗೆದು ಕೊಡ್ತಿರಲಿಲ್ಲ, ಕಾಯ್ತಿದ್ದೆ. ಕಾಯೋದು ನನ್ನ ಜಾಯಮಾನ ಅಲ್ಲ. ಆ ತಿಂಗಳುಗಳಲ್ಲಿ ಕಲಿತೆ.

ಬೇಸಿಗೆ ಶುರುವಾದಾಗ ಒಂದು ದಿನ ಸಹಾಯಕಿ ಮಕ್ಕಳಿಗೆಲ್ಲ ನೀರು ಕೊಡ್ತಾ ಇವಳ ಲೋಟ ಮರೆತು ಮುಂದೆ ಹೋದ್ಲು. ಹುಡುಗಿ ಎದ್ದು ನಿಂತು, "ನೀರ್ ಕೊಡ್ರಿ" ಅಂದ್ಲು. ಅಮ್ಮನ ಮಾತು, ಅಮ್ಮನ ಧಾಟಿ, ಕೊನೇಲಿ ಆ 'ರಿ' ಕೂಡ. ಸಹಾಯಕಿ ಲೋಟ ಕೆಳಗೆ ಹಾಕಿದ್ಲು. ನಾನು ಕುಣಿಯಲಿಲ್ಲ, ಚಪ್ಪಾಳೆ ತಟ್ಟಲಿಲ್ಲ, ಹಾಗೆ ಮಾಡಿದ್ರೆ ಹೆದರ್ತಾಳೆ. ತಣ್ಣೀರ್ ಬೇಕಾ ಪುಟ್ಟಾ, ತಗೋ ಅಂದೆ. ಅಡುಗೆ ಮನೆಗೆ ಹೋಗಿ ಅತ್ತುಬಿಟ್ಟೆ.

ಆಮೇಲೆ ಮಾತು ದಿನಕ್ಕೊಂದರ ಹಾಗೆ ಬಂತು, ಆಮೇಲೆ ಎರಡೆರಡು ಮಾತು ಕೂಡ್ಕೊಂಡು ಬಂತು, ಮಳೆಗಾಲದ ಹೊತ್ತಿಗೆ ಜಗಳಾಡೋಕೂ ಬಂತು. ಅರ್ಧ ಯಾದಗಿರಿ, ಅರ್ಧ ಕಗ್ಗದಾಸಪುರ, ನಡುನಡುವೆ ವಾಚ್‌ಮನ್ ಮಗನ ಹಿಂದಿ. ಬಲಗೈ ತೊಡೆ ಮೇಲಿಂದ ಯಾವಾಗ ಎದ್ದಿತೋ ನಾನು ಗಮನಿಸಲೇ ಇಲ್ಲ. ಒಂದು ದಿನ ನೋಡಿದ್ರೆ ರಾಗಿ ತಟ್ಟೇಲಿ ಬಲಗೈ ಬೆರಳಲ್ಲಿ ಸೊನ್ನೆ ಬರೀತಿದ್ಲು. ತನ್ನ ಹೆಸರಿಗೆ ಎಷ್ಟು ಚಪ್ಪಾಳೆ ಅಂತ ತಾನೇ ತಟ್ಟಿ ತೋರಿಸಿದ್ಲು. ತಾಯಿ ಅದನ್ನ ನೋಡಿ ನನ್ನ ಕಾಲಿಗೆ ಬೀಳೋಕೆ ಬಂದ್ಲು, ತಡೆದೆ.

ಅಜ್ಜಿ ಸೊಸೆ ನಮ್ಮ ಸೆಂಟರ್ ಬಾಗಿಲಿಗೆ ಬಂದದ್ದು ಗೌರಿ ಹಬ್ಬ ಕಳೆದ ಮೇಲೆ. ಬೈಯೋಕೆ ಬಂದ್ರು ಅಂದ್ಕೊಂಡೆ. ಒಳಗೆ ಕರೆದ್ರೆ ಬರಲಿಲ್ಲ, ಮೆಟ್ಟಿಲ ಹತ್ರಾನೇ ನಿಂತ್ರು. ಅತ್ತೆ ಈಗ ಬಾಯೇ ಬಿಡಲ್ಲವಂತೆ. ಹಾಡಲ್ಲ. ಎರಡು ತುತ್ತು ತಿಂದ್ರೆ ಹೆಚ್ಚು. ಏನ್ ಬೇಕು ಅಂತ ನಮಗೆ ಗೊತ್ತಾಗಲ್ಲ, ಅವರೂ ಹೇಳೋದು ಬಿಟ್ಟಿದ್ದಾರೆ, ದಿನಾ ಬೀದಿ ನೋಡ್ತಾ ಕೂತಿರ್ತಾರೆ ಅಂದ್ರು. ಒಂದೇ ಒಂದು ಸಲ ಮಗೂನ ಕರ್ಕೊಂಡ್ ಬನ್ನಿ ಟೀಚರಮ್ಮ, ತಪ್ಪು ತಿಳ್ಕೋಬೇಡಿ ಅಂದ್ರು. ಆಯಮ್ಮನ ಕಣ್ಣಲ್ಲಿ ನೀರಿತ್ತು.

ತಾಯಿ ಒಪ್ಪಿದ್ಲು. ಸಂಜೆ ಹೋದ್ವಿ, ನಾನು ಮತ್ತೆ ಹುಡುಗಿ. ದಾರಿ ಪೂರ್ತಿ ಅವಳು ಮಾತಾಡ್ತಾನೇ ಬಂದ್ಲು. ಜಗಲಿ ಮೇಲೆ ಅಜ್ಜಿ ಅರ್ಧ ಆಗಿಹೋಗಿದ್ರು. ಹುಡುಗೀನ ಕಂಡು ಎದ್ದು ಕೂರೋಕೆ ನೋಡಿದ್ರು, ಸೊಸೆ ಹಿಡಿದು ಕೂರಿಸಿದ್ರು. ಹುಡುಗಿ ಮಂಚ ಹತ್ತಿ ಪಕ್ಕದಲ್ಲಿ ಕೂತು, ನಾ ಸಾಲಿಗಿ ಹೋಗ್ತೀನ್ರಿ ಅಜ್ಜಿ, ನಂಗ ಹೊಸ ಚಪ್ಲಿ ತಂದಾರ ಅಂತ ಒಂದೇ ಸಮ ಶುರು ಮಾಡಿದ್ಲು. ಅಜ್ಜಿ ಅವಳ ಬಾಯೇ ನೋಡ್ತಿದ್ರು. ಅವಳ ಕೆನ್ನೆ ಸವರಿದ್ರು. ಅವರ ಕಣ್ಣಿಂದ ಧಾರಾಕಾರ ನೀರು ಇಳೀತಿತ್ತು.

ಆಮೇಲೆ ಅಜ್ಜಿ ಮಾತಾಡಿದ್ರು. ಎಷ್ಟೋ ದಿನದ ಮೇಲೆ ಅಂತ ಸೊಸೆ ಪಿಸುಗುಟ್ಟಿದ್ರು. "ಅದೂ" ಅಂದ್ರು, ಉದ್ದಕ್ಕೆ, ಎಡಗೈ ಎತ್ತಿ ತೋರಿಸ್ತಾ. ಹುಡುಗಿ ಕೈ ತೋರಿಸಿದ ಕಡೆ ನೋಡಿದ್ಲು. ಹೋಗಿ ಎಲೆಅಡಿಕೆ ಡಬ್ಬಿ ತಂದ್ಲು. ಅಜ್ಜಿ ತಲೆ ಅಲ್ಲಾಡಿಸಿದ್ರು, ಅಲ್ಲ. ನೀರು ತಂದ್ಲು, ಅಲ್ಲ. ದಿಂಬು ಎತ್ತಿದ್ಲು, ಅದೂ ಅಲ್ಲ. ಅಜ್ಜಿ ಇನ್ನೊಂದು ಸಲ ಹೇಳಿದ್ರು, ನಿಧಾನಕ್ಕೆ, ಬಿಡಿಸಿ ಬಿಡಿಸಿ, ನಾವು ಭಾಷೆ ಬರದವರಿಗೆ ಹೇಳ್ತೀವಲ್ಲ ಹಾಗೆ. ಹುಡುಗಿ ಮುಖ ಸಣ್ಣ ಮಾಡ್ಕೊಂಡು ನನ್ನ ಹತ್ರ ಬಂದು ಸೆರಗು ಹಿಡಿದ್ಲು.

"ಅಜ್ಜಿ ಏನಂತಾರ್ರಿ ಟೀಚರ್?"

"ನಿಂಗೆ ಗೊತ್ತಾಗಲ್ವಾ ಪುಟ್ಟಾ?"

"ಇಲ್ರಿ" ಅಂದ್ಲು. "ಅಜ್ಜಿಗಿ ಮಾತು ಬರಂಗಿಲ್ರಿ."

ಅವಳು ಮೆಲ್ಲಗೆ ಹೇಳಲಿಲ್ಲ. ಅಜ್ಜಿಗೆ ಕೇಳಿಸ್ತು. ಎತ್ತಿದ್ದ ಕೈಯನ್ನ ಸ್ವಲ್ಪ ಹೊತ್ತು ಹಾಗೇ ಹಿಡ್ಕೊಂಡಿದ್ದು, ಕೆಳಗಿಳಿಸಿದ್ರು, ಆಮೇಲೆ ಹುಡುಗಿ ಕಡೆ ನೋಡಿ ಹೌದು ಅಂತ ತಲೆಯಾಡಿಸಿದ್ರು.